ಚೌಕಾಬಾರಕ್ಕೆ ಕವಡೆ ಇಲ್ವಾ? ಹುಣಸೆ ಬೀಜ ಸಾಕು

ಕವಡೆ ಇಲ್ಲ ಅಂತ ಚೌಕಾಬಾರ ಬಿಟ್ಟವರಿಗೆ: ಸಾರಿಗೆ ಹುಣಸೆಹಣ್ಣು ನೆನೆಸುವಾಗ ಸಿಗುವ ಬೀಜಗಳಲ್ಲಿ ಒಂದೇ ಗಾತ್ರದ ನಾಲ್ಕನ್ನು ಎತ್ತಿಟ್ಟುಕೊಳ್ಳಿ. ತೊಳೆದು ಒಣಗಿಸಿ, ಒಂದು ಮಗ್ಗುಲನ್ನು ಮಾತ್ರ ಒರಟು ಸಿಮೆಂಟಿನ ಮೇಲೆ ಬಿಳಿ ಕಾಣುವವರೆಗೂ ಉಜ್ಜಿ. ಮೇಲಿನ ಕಂದು ಸಿಪ್ಪೆ ತೆಳು, ಒಳಗಿನ ಬೇಳೆ ಬಿಳಿ. ಹಾಗಾಗಿ ಒಂದೇ ಬೀಜಕ್ಕೆ ಎರಡು ಮುಖ ಬರುತ್ತೆ, ಕವಡೆಯ ಹಾಗೇ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಂದಾದರೆ ಬಾರಾ, ಅಂದರೆ 8. (ಉಜ್ಜಿದ ಬೀಜ ಕಾದಿರುತ್ತೆ. ಪಕ್ಕದಲ್ಲಿ ಕೂತವರ ಕೈಗೆ ಚುರ್ ಅಂತ ಮುಟ್ಟಿಸೋ ಆಸೆ ನಲವತ್ತು ದಾಟಿದ ಮೇಲೂ ಹೋಗಲ್ಲ, ಮೊದಲೇ ಹೇಳಿದ್ದೀನಿ.) ನುಣುಪು ಟೈಲ್ಸ್ ಮೇಲೆ ಎಷ್ಟು ತಿಕ್ಕಿದರೂ ದಂಡ, ಟೆರೇಸಿಗೆ ಹೋಗಿ. ಹುರಿದ ಬೀಜ ಬೇಡ, ಸಿಪ್ಪೆ ಪೂರ್ತಿ ಕಳಚಿ ಎರಡೂ ಕಡೆ ಬಿಳಿಯಾಗಿಬಿಡುತ್ತೆ. ಅತಿಯಾಗಿ ಉಜ್ಜಿದರೂ ಕೆಟ್ಟಿತು: ಆ ಕಡೆ ಚಪ್ಪಟೆಯಾಗಿ ಬೀಜ ಯಾವಾಗಲೂ ಒಂದೇ ಮಗ್ಗುಲಿಗೆ ಬೀಳುತ್ತೆ, ಆಮೇಲೆ ಜಗಳ. ಪ್ರತಿ ಬೀಜವನ್ನೂ 20 ಸಲ ಹಾಕಿ ನೋಡಿ. ಬಿಳಿ ಹತ್ತರ ಆಸುಪಾಸು ಬಂದರೆ ಸರಿ, ಹದಿನೈದು ದಾಟಿದರೆ ಅದನ್ನು ಬಿಸಾಕಿ. ಐದೈದು ಮನೆ ಬರೆಯಲು ಹಳೇ ಕ್ಯಾಲೆಂಡರಿನ ಹಿಂಭಾಗವೇ ವಾಸಿ, ಸೀಮೆಸುಣ್ಣದ ಗೆರೆ ಟೈಲ್ಸಿಗೆ ಹಿಡಿಯಲ್ಲ. ಕಾಯಿಗಳಿಗೆ ಬಳೆಚೂರು ಸಿಗದಿದ್ದರೆ ಕಡಲೆ, ಹೆಸರುಕಾಳು, ಗುಂಡಿ, ಏನಾದರೂ ನಡೆಯುತ್ತೆ.