ಮನೆ ಇಂಟರ್ನೆಟ್‌ಗೆ ಸ್ಟ್ಯಾಟಿಕ್ ಐಪಿ: ದುಡ್ಡು ಕಟ್ಟುವ ಮುಂಚೆ

ಸಿಸಿಟಿವಿ ಹಾಕುವವರು "ಸ್ಟ್ಯಾಟಿಕ್ ಐಪಿ ತಗೊಳ್ಳಿ" ಅಂದ ಮಾತ್ರಕ್ಕೆ ತಗೊಳ್ಳಬೇಡಿ. ಸ್ಟ್ಯಾಟಿಕ್ ಐಪಿ ಅಂದರೆ ಬದಲಾಗದೆ ಇರುವ ಇಂಟರ್ನೆಟ್ ವಿಳಾಸ. ಬಹಳಷ್ಟು ಮನೆಗಳಿಗೆ ಅದು ಬೇಕಿಲ್ಲ. ವಿಡಿಯೊ ಕಾಲ್, ಓಟಿಟಿ, ಆಫೀಸ್ ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಎಲ್ಲವೂ ಒಳಗಿನಿಂದ ಹೊರಗೆ ಹೋಗುವ ಸಂಪರ್ಕಗಳು. ಐಪಿ ಆಗಾಗ ಬದಲಾದರೂ ಅವು ನಡೆಯುತ್ತವೆ, ಸ್ಟ್ಯಾಟಿಕ್ ಮಾಡಿಸಿದರೆ ಸ್ಪೀಡೂ ಹೆಚ್ಚುವುದಿಲ್ಲ. ಹೊರಗಿನವರು ನಿಮ್ಮ ಮನೆಯ ಯಂತ್ರವನ್ನು ತಲುಪಬೇಕಾದಾಗ ಮಾತ್ರ ಈ ಪ್ರಶ್ನೆ ಏಳುತ್ತದೆ.

ಮೊದಲು ರೌಟರ್‌ಗೆ ಲಾಗಿನ್ ಆಗಿ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ರೌಟರ್‌ಗೆ ಹೊರಗಿನಿಂದ ಸಿಕ್ಕ ವಿಳಾಸ) ಬರೆದುಕೊಳ್ಳಿ. ಮನೆಯ ವೈಫೈನಲ್ಲೇ ಇದ್ದು, ವಿಪಿಎನ್ ಆಫ್ ಮಾಡಿ, ನಿಮ್ಮ ಐಪಿ ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಅಲ್ಲಿ ಕಾಣುವ ಐಪಿವಿ4 ವಿಳಾಸವೂ (ಚುಕ್ಕೆಗಳ ನಡುವೆ ನಾಲ್ಕು ಸಂಖ್ಯೆ ಇರುವಂಥದ್ದು) ಬರೆದುಕೊಂಡ ವ್ಯಾನ್ ಐಪಿಯೂ ಒಂದೇ ಆದರೆ ನಿಮಗೆ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪಬಹುದಾದ ವಿಳಾಸ, ಇದೆ. ಅದು ಡೈನಮಿಕ್ (ಆಗಾಗ ಬದಲಾಗುವಂಥದ್ದು) ಆದರೂ ಚಿಂತೆಯಿಲ್ಲ: ರೌಟರ್‌ನಲ್ಲಿ ಡಿಡಿಎನ್‌ಎಸ್ (ನಿಮ್ಮ ಐಪಿಗೆ ಒಂದು ಹೆಸರು ಕೊಡುವ ಸೇವೆ) ಹಾಕಿದರೆ ಐಪಿ ಬದಲಾದಾಗಲೆಲ್ಲ ಹೆಸರು ತಾನಾಗಿಯೇ ಹೊಸ ವಿಳಾಸಕ್ಕೆ ತಿರುಗುತ್ತದೆ.

ವ್ಯಾನ್ ಐಪಿ 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. 10ರಿಂದ ಶುರುವಾದರೂ ಬಹುತೇಕ ಅದೇ ಕಥೆ. ಅಂದರೆ ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿವೆ. ಹೊರಗಿನ ಕೋರಿಕೆ ಇಂಟರ್ನೆಟ್ ಕಂಪನಿಯ ಉಪಕರಣದಲ್ಲೇ ನಿಂತುಬಿಡುವುದರಿಂದ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ಒಳಗಿನ ಯಂತ್ರಕ್ಕೆ ದಾಟಿಸುವ ರೌಟರ್ ಸೆಟ್ಟಿಂಗ್) ಎಷ್ಟು ಸಲ ಮಾಡಿದರೂ ಕೆಲಸ ಮಾಡದು, ಡಿಡಿಎನ್‌ಎಸ್ ಕೂಡ ವ್ಯರ್ಥ. ವ್ಯಾನ್ ಐಪಿಯೇ 192.168ರಿಂದ ಶುರುವಾಗಿದ್ದರೆ ಫೈಬರ್ ಪೆಟ್ಟಿಗೆಯೂ ರೌಟರ್ ಆಗಿ ಓಡುತ್ತಿರುತ್ತದೆ; ಅದರ ವ್ಯಾನ್ ಪುಟ ನೋಡಿ, ಸಾಧ್ಯವಾದರೆ ಅದನ್ನು ಬ್ರಿಡ್ಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿಗೆ) ಹಾಕಿಸಿ.

ಸಿಜಿನ್ಯಾಟ್ ಇದ್ದೂ ಕ್ಯಾಮೆರಾ ನೋಡಬೇಕೆ? ಕ್ಯೂಆರ್ ಸ್ಕ್ಯಾನ್ ಮಾಡಿ ಜೋಡಿಸುವ ಕ್ಯಾಮೆರಾ ಕಂಪನಿಯ ಆ್ಯಪ್ ಅಥವಾ ಟೈಲ್‌ಸ್ಕೇಲ್ (ನಿಮ್ಮ ಸಾಧನಗಳನ್ನು ಬೆಸೆಯುವ ವಿಪಿಎನ್ ಸೇವೆ) ಸಾಕು. ಎರಡೂ ಒಳಗಿನಿಂದಲೇ ಸಂಪರ್ಕ ತೆರೆಯುತ್ತವೆ.

ಆಫೀಸಿನ ಫೈರ್‌ವಾಲ್ ನಿಮ್ಮ ಐಪಿಯನ್ನೇ ಪಟ್ಟಿಗೆ ಸೇರಿಸಬೇಕಿದ್ದರೆ ಅಥವಾ ಮನೆಯಲ್ಲೇ ಮೇಲ್ ಸರ್ವರ್ ನಡೆಸುವುದಿದ್ದರೆ ಸ್ಟ್ಯಾಟಿಕ್ ತಗೊಳ್ಳಿ. ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆಯೇ, ಪಿಪಿಪಿಒಇ (ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್‌ನಿಂದ ರೌಟರ್ ಸೇರುವ ವಿಧಾನ) ಲಾಗಿನ್‌ನಲ್ಲೇ ಐಪಿ ಬರುತ್ತದೆಯೇ ಅಥವಾ ಕೈಯಾರೆ ತುಂಬಬೇಕೇ ಎಂದು ಮೊದಲೇ ಕೇಳಿ. ಕೈಯಾರೆ ತುಂಬುವಾಗ ಗೇಟ್‌ವೇ (ಹೊರಹೋಗುವ ದಾರಿಯ ವಿಳಾಸ) ಒಂದಂಕಿ ತಪ್ಪಿದರೂ ನೆಟ್ ಪೂರ್ತಿ ನಿಲ್ಲುತ್ತದೆ.

ಮನೆಯೊಳಗಿನ ವಿಳಾಸದ ಮಾತೇ ಬೇರೆ, ಅದನ್ನು ಸ್ಥಿರಗೊಳಿಸಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಡಿಎಚ್‌ಸಿಪಿ (ರೌಟರ್ ತಾನಾಗಿಯೇ ವಿಳಾಸ ಹಂಚುವ ವ್ಯವಸ್ಥೆ) 192.168.1.100ರಿಂದ 200ರವರೆಗೆ ಹಂಚುತ್ತಿದ್ದರೆ ಎನ್‌ವಿಆರ್‌ಗೆ (ಕ್ಯಾಮೆರಾ ರೆಕಾರ್ಡರ್‌ಗೆ) 192.168.1.20 ಕೊಡಿ. 120 ಕೊಟ್ಟರೆ ಅದೇ ವಿಳಾಸ ಒಂದು ದಿನ ಯಾವುದೋ ಫೋನಿಗೂ ಸಿಕ್ಕಿ, ಎರಡೂ ಆಗಾಗ ಕಡಿತಗೊಳ್ಳುತ್ತವೆ.

ಪಬ್ಲಿಕ್ ಐಪಿ ಯಾವುದೇ ಇರಲಿ, 554, 8000, 37777ರಂಥ ಕ್ಯಾಮೆರಾ ಪೋರ್ಟ್‌ಗಳನ್ನು (ಹೊರಗಿನ ಕೋರಿಕೆ ಒಳಬರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲುಗಳನ್ನು) ನೇರ ತೆರೆಯಲೇಬೇಡಿ. 2016ರಲ್ಲಿ ಮಿರಾಯ್ ಮಾಲ್‌ವೇರ್ ಡೀಫಾಲ್ಟ್ ಪಾಸ್‌ವರ್ಡ್ ಬಿಟ್ಟಿದ್ದ ಡಿವಿಆರ್‌, ಕ್ಯಾಮೆರಾಗಳನ್ನೇ ಹುಡುಕಿ ಹಿಡಿಯಿತು. ವೈರ್‌ಗಾರ್ಡ್ ಎಂಬ ವಿಪಿಎನ್‌ಗಾಗಿ 51820 ಯುಡಿಪಿ ಪೋರ್ಟ್ ಒಂದನ್ನೇ ತೆರೆದು, ಅದರ ಮೂಲಕ ಒಳಬನ್ನಿ.