ಮಳೆಗಾಲಕ್ಕೆ ಟೆಂಟು, ಸ್ಲೀಪಿಂಗ್ ಬ್ಯಾಗು ಎತ್ತಿಡುವುದು ಹೇಗೆ?

ಹೋದ ಸೆಪ್ಟೆಂಬರ್‌ನಲ್ಲಿ ತೀರ್ಥಹಳ್ಳಿಯಿಂದ ನಮ್ಮ ಬಾವ ಫೋನ್ ಮಾಡಿದರು. "ಗಾಳಿ ಆಡದ ಡಬ್ಬವನ್ನೇ ತಂದು ಇಟ್ಟಿದ್ದೆ ಮಾರಾಯ. ಒಂದು ಹನಿ ನೀರು ಒಳಗೆ ಹೋಗಿಲ್ಲ. ಆದ್ರೂ ಟೆಂಟ್ ಅಂಟಂಟಾಗಿ ಕೂತಿದೆ." ಭಾನುವಾರ ಹೋಗಿ ನೋಡಿದೆ. ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ. ಟೆಂಟ್ ಬಿಡಿಸಿದರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಚರಚರ ಸದ್ದು ಮಾಡುತ್ತಾ ಬಿಟ್ಟುಕೊಂಡವು. ಒಳಮೈಯ ಲೇಪ ಪರೆ ಪರೆಯಾಗಿ ಉಗುರಿಗೆ ಬರುತ್ತಿತ್ತು.

ಡಬ್ಬದ್ದು ಏನೂ ತಪ್ಪಿರಲಿಲ್ಲ. ಮೇ ಕೊನೆಯಲ್ಲಿ ಕೊಡಚಾದ್ರಿಯಿಂದ ಬಂದವರು ಅರ್ಧ ದಿನ ಜಗಲಿಯಲ್ಲಿ ಹರಡಿದ್ದಾರೆ, ಕೈಗೆ ಒಣಗಿದ ಹಾಗೆ ಕಂಡಿದೆ, ಮಡಚಿ ಒಳಗೆ ಹಾಕಿ ಬಿಗಿಯಾಗಿ ಮುಚ್ಚಿದ್ದಾರೆ. ಡಬ್ಬ ಹೊರಗಿನ ನೀರನ್ನು ತಡೆಯಿತು. ಒಳಗಿನ ತೇವವನ್ನೂ ಅಷ್ಟೇ ಬಿಗಿಯಾಗಿ ನಾಲ್ಕು ತಿಂಗಳು ಹಿಡಿದಿಟ್ಟುಕೊಂಡಿತು. ಟೆಂಟಿನ ಬಟ್ಟೆಗೆ ಸಾಮಾನ್ಯವಾಗಿ ಪಾಲಿಯುರೆಥೇನ್ ಲೇಪ ಇರುತ್ತದೆ. ತೇವ ಮತ್ತು ಸೆಕೆ ಸೇರಿದರೆ ಆ ಲೇಪ ನಿಧಾನವಾಗಿ ಒಡೆದು ಅಂಟಾಗುತ್ತದೆ, ಆಮೇಲೆ ಅದನ್ನು ಸರಿ ಮಾಡುವುದು ಸಾಧ್ಯವಿಲ್ಲದ ಮಾತು. ಟ್ರೆಕ್ಕಿಂಗ್ ಶೂಗಳ ಅಟ್ಟೆ ಒಂದು ದಿನ ಇದ್ದಕ್ಕಿದ್ದ ಹಾಗೆ ಪುಡಿಪುಡಿಯಾಗಿ ಉದುರುವುದಕ್ಕೂ ಹೆಚ್ಚಿನ ಸಲ ಇದೇ ಕಾರಣ.

ನಮ್ಮ ಕಡೆ ಈ ತಪ್ಪು ಮಾಡಿದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಎಲ್ಲರೂ ಡಬ್ಬದ ಮೇಲೆ ದುಡ್ಡು ಹಾಕುತ್ತಾರೆ, ಒಣಗಿಸುವುದಕ್ಕೆ ಸಮಯ ಕೊಡುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಸಾಮಾನು ಎತ್ತಿಡುವುದಕ್ಕೆ ಬಯಲುಸೀಮೆಯವರಿಗೆ ಬೇಕಿಲ್ಲದ ಒಂದಿಷ್ಟು ಎಚ್ಚರ ಬೇಕು.

1. ಮೊದಲು ವಿಂಗಡಿಸಿ

ಟೆಂಟು, ಸ್ಲೀಪಿಂಗ್ ಬ್ಯಾಗು, ರೇನ್‌ಕೋಟು, ಬೈನಾಕ್ಯುಲರ್, ಹೆಡ್‌ಲ್ಯಾಂಪ್, ಬೆಂಕಿಪೊಟ್ಟಣ, ಔಷಧಿ, ಇವೆಲ್ಲ ಡಬ್ಬಕ್ಕೆ. ಶೂ ಮತ್ತು ಚರ್ಮದ ಸಾಮಾನು ಡಬ್ಬಕ್ಕೆ ಬೇಡ, ಗಾಳಿಯಾಡುವ ಜಾಗದಲ್ಲಿ ಇಡಿ, ವಾರಕ್ಕೊಮ್ಮೆ ಶೂ ಹಾಕಿಕೊಂಡು ಓಡಾಡಿ. ಹೆಡ್‌ಲ್ಯಾಂಪಿನ ಬ್ಯಾಟರಿ ತೆಗೆದು ಬೇರೆ ಇಡಿ, ಇಲ್ಲದಿದ್ದರೆ ಅದು ಸೋರಿ ಒಳಗಿನ ತಗಡನ್ನೇ ತಿನ್ನುತ್ತದೆ.

2. ಡಬ್ಬ ಆರಿಸುವುದು

ನನ್ನ ಆಯ್ಕೆ ಒಂದೇ. ಅಗಲ ಬಾಯಿಯ 60 ಲೀಟರ್ ಪ್ಲಾಸ್ಟಿಕ್ ಡ್ರಮ್, ಮುಚ್ಚಳದ ಸುತ್ತ ಕಬ್ಬಿಣದ ಪಟ್ಟಿ ಹಾಕಿ ಲಾಕ್ ಮಾಡುವಂಥದ್ದು. ಮುಚ್ಚಳ ಸುತ್ತಲೂ ಒಂದೇ ಸಮ ಕೂರುತ್ತದೆ. ಗೋಡೆ ದಪ್ಪ, ಇಲಿ ಕಡಿದು ಒಳಗೆ ಹೋಗುವುದು ಸುಲಭವಲ್ಲ. ಅಟ್ಟದ ಮೇಲೆ ಇಡುವವರಿಗೆ ಇದು ದೊಡ್ಡ ವಿಷಯ. ಬೆವರಿನ ಉಪ್ಪು ಹತ್ತಿದ ಬ್ಯಾಗಿನ ಪಟ್ಟಿ ಅಂದರೆ ಇಲಿಗೆ ಬಹಳ ಇಷ್ಟ.

ಆದರೆ ತೋಟದಲ್ಲಿ ಬಿದ್ದಿರುವ ಹಳೆ ಡ್ರಮ್ ತೊಳೆದು ಬಳಸಬೇಡಿ. ಅಡಿಕೆಗೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸಿದ ಡ್ರಮ್ ಎಷ್ಟೇ ತಿಕ್ಕಿದರೂ ಮೈಲುತುತ್ತದ ನೀಲಿ ಅಂಚಿನಲ್ಲಿ ಉಳಿದೇ ಇರುತ್ತದೆ, ಅದು ಲೋಹವನ್ನು ಕೊರೆಯುತ್ತದೆ. ಕೀಟನಾಶಕ ತುಂಬಿದ್ದ ಡ್ರಮ್ ಅಂತೂ ಮನೆಯೊಳಗೇ ಬರಬಾರದು. ಯೂರಿಯಾ ಚೀಲವೂ ಅಷ್ಟೇ. ನಾವೆಲ್ಲ ಚಿಕ್ಕಂದಿನಲ್ಲಿ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಶಾಲೆಗೆ ಹೋದವರು, ಆದ್ದರಿಂದ ನೀರು ತಡೆಯುತ್ತದೆ ಅನ್ನುವ ನಂಬಿಕೆ ಗಟ್ಟಿಯಾಗಿದೆ. ನೀರು ತಡೆಯುವುದು ನಿಜ. ಆದರೆ ಹೊಲಿಗೆಯಲ್ಲಿ ಉಳಿದ ಯೂರಿಯಾ ಗಾಳಿಯಲ್ಲಿನ ತೇವವನ್ನು ತಾನೇ ಎಳೆದುಕೊಳ್ಳುತ್ತದೆ.

ಕ್ಲಿಪ್ ಇರುವ ಪಾರದರ್ಶಕ ಡಬ್ಬ ಬೇಕು ಅನ್ನುವವರು ಕ್ಲಿಪ್ ಎಷ್ಟಿದೆ ನೋಡಿ. ಎರಡೇ ಕಡೆ ಕ್ಲಿಪ್ ಇದ್ದರೆ ಉದ್ದ ಬದಿಯಲ್ಲಿ ಮುಚ್ಚಳ ಬಿಲ್ಲಿನ ಹಾಗೆ ಬಾಗಿ ಸಂದು ಬಿಡುತ್ತದೆ. ನಾಲ್ಕೂ ಕಡೆ ಬೇಕು. ಗ್ಯಾಸ್ಕೆಟ್ ಕುಕ್ಕರಿನದರ ಹಾಗೆ ಗಟ್ಟಿ ಸಿಲಿಕೋನ್ ಅಥವಾ ರಬ್ಬರ್ ಇರಲಿ. ಸ್ಪಂಜಿನ ಪಟ್ಟಿ ಅಂಟಿಸಿದ್ದನ್ನು ಕೊಳ್ಳಬೇಡಿ, ಒಂದು ಮಳೆಗಾಲದಲ್ಲೇ ಚಪ್ಪಟೆಯಾಗಿ ಕೂರುತ್ತದೆ. ತಗಡಿನ ಟ್ರಂಕ್ ಬೇಡವೇ ಬೇಡ. ಅಜ್ಜನ ಕಾಲದಿಂದ ಪಂಚೆ, ಸೀರೆ ಕಾಪಾಡಿದ್ದು ಹೌದು, ಆದರೆ ಅದಕ್ಕೆ ಗ್ಯಾಸ್ಕೆಟ್ ಇಲ್ಲ, ಆಷಾಢದ ಥಂಡಿಗೆ ತಗಡು ಬೆವರುತ್ತದೆ.

ಪೆಟ್ಟಿಗೆಯ ಮೇಲೆ ಬರೆದಿದ್ದನ್ನು ಓದುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. 'ವಾಟರ್ ರೆಸಿಸ್ಟೆಂಟ್' ಅಂದರೆ ಹನಿ ತಡೆದೀತು ಅಂತ ಮಾತ್ರ. ಐಪಿ ಸಂಖ್ಯೆ (ದೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ IP67ರಂಥ ಗುರುತು) ಇದ್ದರೆ ಎರಡನೇ ಅಂಕಿ ನೀರಿನದು. 4 ಅಂದರೆ ಯಾವ ದಿಕ್ಕಿನಿಂದ ಎರಚಿದರೂ ತೊಂದರೆ ಇಲ್ಲ. 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ಒಳಗೆ ನೀರು ಹೋಗುವುದಿಲ್ಲ. ಮನೆಯಲ್ಲಿ ಇಡುವ ಡಬ್ಬಕ್ಕೆ ಈ 7 ಹುಡುಕಿಕೊಂಡು ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಹೊಳೆಯಲ್ಲಿ ದೋಣಿ ಮೇಲೆ ಕ್ಯಾಮೆರಾ ಒಯ್ಯುವವರಿಗೆ ಬೇಕು.

3. ಮುಚ್ಚಳದ ಪರೀಕ್ಷೆ

ಒಂದು ಕಾಗದದ ಪಟ್ಟಿಯನ್ನು ಅಂಚಿಗೆ ಇಟ್ಟು ಮುಚ್ಚಳ ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ, ಸರಾಗವಾಗಿ ಜಾರಿದರೆ ಆ ಜಾಗದಲ್ಲಿ ಗ್ಯಾಸ್ಕೆಟ್ ಒತ್ತುತ್ತಿಲ್ಲ. ಸುತ್ತ ಎಂಟು ಕಡೆ ನೋಡಿ, ಮೂಲೆಗಳನ್ನು ಬಿಡಬೇಡಿ. ಗಾಂಧಿ ಬಜಾರಿನಲ್ಲಿ ಅಂಗಡಿಯವರ ಎದುರೇ ನಾನು ಹೀಗೆ ಮಾಡುತ್ತೇನೆ, ಯಾರೂ ಬೇಡ ಅಂದಿಲ್ಲ. ಮತ್ತೆ, ಗ್ಯಾಸ್ಕೆಟ್ ಮೆತ್ತಗಿರಲಿ ಅಂತ ಕೊಬ್ಬರಿ ಎಣ್ಣೆ ಸವರಬೇಡಿ. ದೂಳು ಹಿಡಿಯುತ್ತದೆ, ಕೆಲವು ರಬ್ಬರ್ ಉಬ್ಬುತ್ತದೆ.

4. ಒಣಗಿಸುವುದು: ಇಲ್ಲಿ ಅವಸರ ಬೇಡ

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಇದು ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. 25 ಡಿಗ್ರಿ ಬಿಸಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯಲ್ಲೂ ಒಂದು ಘನ ಮೀಟರಿಗೆ ಇರುವುದು ಸುಮಾರು 23 ಗ್ರಾಂ ನೀರು. ಅಂದರೆ ನಮ್ಮ 60 ಲೀಟರ್ ಡ್ರಮ್ಮಿನ ಗಾಳಿಯಲ್ಲಿ ಒಂದೂವರೆ ಗ್ರಾಂ ಕೂಡ ಇರುವುದಿಲ್ಲ. ಈಗ ಟೆಂಟ್ ನೋಡಿ. ನಮ್ಮ ಟೆಂಟನ್ನು ಏಪ್ರಿಲ್ ಬಿಸಿಲಿನಲ್ಲಿ ಒಣಗಿಸಿ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟಾಗ 2 ಕೆಜಿ 310 ಗ್ರಾಂ ಇತ್ತು. ಜೂನ್‌ನಲ್ಲಿ ಒಂದು ಸಲ ಕೈಗೆ ಒಣಗಿದೆ ಅನ್ನಿಸಿದ ಮೇಲೂ ತೂಗಿದೆ. 2 ಕೆಜಿ 400. ಆ 90 ಗ್ರಾಂ ಪೂರ್ತಿ ನೀರು. ಗಾಳಿಯಲ್ಲಿರುವ ಒಂದೂವರೆ ಗ್ರಾಂಗೆ ಹೆದರಿ ಗ್ಯಾಸ್ಕೆಟ್ ಹುಡುಕುತ್ತೇವೆ, 90 ಗ್ರಾಂ ನಾವೇ ಕೈಯಾರೆ ಒಳಗೆ ಹಾಕುತ್ತೇವೆ.

ಆದ್ದರಿಂದ ಬೇಸಿಗೆಯಲ್ಲೇ ಪ್ರತಿ ಸಾಮಾನಿನ ಒಣ ತೂಕ ಬರೆದಿಡಿ. ನಾನು ಮುಚ್ಚಳದ ಒಳಬದಿಗೆ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಕೈ ಮೋಸ ಮಾಡುತ್ತದೆ, ತಕ್ಕಡಿ ಮಾಡುವುದಿಲ್ಲ.

ನೀರು ಅಡಗಿ ಕೂರುವ ಜಾಗಗಳು ಇವು: ಹೊಲಿಗೆಯ ದಪ್ಪ ಮಡಿಕೆ, ಕಂಬಿ ತೂರಿಸುವ ತೋಳು, ಹಗ್ಗಗಳು, ಜಿಪ್ಪಿನ ಹಿಂದಿನ ಪಟ್ಟಿ, ಬ್ಯಾಗಿನ ಭುಜಪಟ್ಟಿ ಮತ್ತು ಬೆನ್ನಿನ ಸ್ಪಂಜು. ಸ್ಪಂಜು ಎಲ್ಲಕ್ಕಿಂತ ಕಷ್ಟ. ಮೇಲಿನ ಬಟ್ಟೆ ಗರಿಗರಿಯಾಗಿ ಒಣಗಿದ್ದರೂ ನಡುವೆ ಹಸಿ ಇರುತ್ತದೆ. ಒಣ ಪೇಪರಿನಲ್ಲಿ ಸುತ್ತಿ ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೇಪರ್ ಮೆತ್ತಗಾದರೆ ಇನ್ನೂ ಒಂದು ದಿನ ಬೇಕು.

ಬಿಸಿಲಿದ್ದರೆ ಚಿಂತೆ ಇಲ್ಲ, ಆದರೆ ಟೆಂಟನ್ನು ನೇರ ಬಿಸಿಲಿನಲ್ಲಿ ದಿನವಿಡೀ ಬಿಡಬೇಡಿ, ನೈಲಾನ್ ಸೊರಗುತ್ತದೆ. ನಿಜವಾದ ಪೇಚು ಆರಿದ್ರಾ ಹಿಡಿದ ಮೇಲೆ. ಪುನರ್ವಸು, ಪುಷ್ಯದ ಜಡಿ ಮಳೆಯಲ್ಲಿ ಜಗಲಿಯ ಹಗ್ಗಕ್ಕೆ ಹಾಕಿದ ಪಂಚೆ ಮೂರು ದಿನಕ್ಕೂ ಒಣಗುವುದಿಲ್ಲ ಅಲ್ವಾ? ಗಾಳಿಯೇ ಒದ್ದೆ, ಅದು ಇನ್ನೆಲ್ಲಿಂದ ನೀರು ಹೀರಬೇಕು. ಫ್ಯಾನ್ ಹಾಕಿದರೂ ಅದೇ ಒದ್ದೆ ಗಾಳಿ ತಿರುಗುತ್ತದೆ ಅಷ್ಟೇ. ಗಾಳಿಯನ್ನು ಬಿಸಿ ಮಾಡಬೇಕು. 20 ಡಿಗ್ರಿಯಲ್ಲಿ ತೇವ ತುಂಬಿದ ಗಾಳಿಯನ್ನು 30 ಡಿಗ್ರಿಗೆ ತಂದರೆ ತೇವಾಂಶ ಶೇಕಡಾ ನೂರರಿಂದ ಸುಮಾರು 55ಕ್ಕೆ ಇಳಿಯುತ್ತದೆ, ಇನ್ನಷ್ಟು ನೀರು ಹೀರುವ ಶಕ್ತಿ ಅದಕ್ಕೆ ಬರುತ್ತದೆ.

ಹಳ್ಳಿ ಮನೆಯವರಿಗೆ ಇದಕ್ಕೆ ಬಚ್ಚಲ ಒಲೆ ಇದೆ. ಎಲ್ಲರ ಸ್ನಾನ ಮುಗಿದು, ಹಬೆ ಹೋಗಿ, ಉರಿ ಆರಿ ಕೆಂಡ ಮಾತ್ರ ಉಳಿದ ಮೇಲೆ ಒಲೆಯ ಹಿಂದಿನ ಗೋಡೆ ಇರುವ ಕೋಣೆಯಲ್ಲಿ ಹಗ್ಗ ಕಟ್ಟಿ. ಒಲೆಯ ಮೇಲೆಯೇ ಕಟ್ಟಬೇಡಿ. ಒಂದು ಕಿಡಿ ಸಾಕು, ನೈಲಾನಿನಲ್ಲಿ ಕಾಳಿನಷ್ಟು ತೂತು ಬೀಳುತ್ತದೆ, ಹೊಗೆಗೆ ವಾಸನೆ ಹಿಡಿದರೆ ಎರಡು ವರ್ಷವಾದರೂ ಹೋಗುವುದಿಲ್ಲ. ಪೇಟೆಯವರು ಒಂದು ಸಣ್ಣ ಕೋಣೆ ಆರಿಸಿ, ರೂಮ್ ಹೀಟರನ್ನು ಬಟ್ಟೆಯಿಂದ ದೂರ ಇಟ್ಟು, ಫ್ಯಾನ್ ಸಣ್ಣಗೆ ತಿರುಗಿಸಿ, ಕಿಟಕಿ ಒಂದು ಬೆರಳಷ್ಟು ತೆರೆದಿಡಿ. ಒದ್ದೆಯಾದ ಬಿಸಿ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು. ಹೀಟರ್ ಹಾಕಿಟ್ಟು ಮನೆ ಬಿಟ್ಟು ಹೋಗಬೇಡಿ.

ಒಣಗಿತು, ತೂಕವೂ ಸರಿ ಬಂತು. ಈಗಲೂ ಒಂದು ತಪ್ಪು ಬಾಕಿ ಇದೆ, ಹತ್ತರಲ್ಲಿ ಎಂಟು ಜನ ಇದನ್ನೇ ಮಾಡುತ್ತಾರೆ. ಸಾಮಾನನ್ನು ತಂದು ಹಾಲ್‌ನಲ್ಲಿ ಹರವಿ, ಊಟ ಮಾಡಿ, ಸಂಜೆ ಮಡಚುತ್ತಾರೆ. ಅಷ್ಟರಲ್ಲಿ ಅದು ಮತ್ತೆ ತೇವ ಕುಡಿದಿರುತ್ತದೆ. ಡ್ರಮ್ಮನ್ನೇ ಆ ಬೆಚ್ಚಗಿನ ಕೋಣೆಗೆ ಒಯ್ಯಿರಿ, ಬಾಯಿ ತೆರೆದು ಅದೂ ಒಂದು ಗಂಟೆ ಬೆಚ್ಚಗಾಗಲಿ. ಅಲ್ಲೇ ಮಡಚಿ, ಅಲ್ಲೇ ತುಂಬಿ, ಅಲ್ಲೇ ಮುಚ್ಚಿ. ಸ್ಲೀಪಿಂಗ್ ಬ್ಯಾಗನ್ನು ಅದರ ಸಣ್ಣ ಚೀಲಕ್ಕೆ ತುರುಕಬೇಡಿ, ಸಡಿಲವಾಗಿ ಹಾಕಿ, ಒತ್ತಿಟ್ಟರೆ ಒಳಗಿನ ಪುಕ್ಕ ಮತ್ತೆ ಉಬ್ಬುವುದಿಲ್ಲ.

ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತದೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದನ್ನು ಮೇಲೆಯೇ ಇಟ್ಟು ಮುಚ್ಚಿ, ಮಾರನೇ ದಿನ ಬೆಳಗ್ಗೆ ನೋಡಿ. ಮುಚ್ಚಿದ ಕೂಡಲೇ ತೋರಿಸುವ ಅಂಕಿಗೆ ಬೆಲೆ ಇಲ್ಲ, ಬಟ್ಟೆಯೊಳಗಿನ ನೀರು ಹೊರಬರಲು ಒಂದು ರಾತ್ರಿ ಬೇಕು. 50ರ ಆಸುಪಾಸು ಇದ್ದರೆ ಬಹಳ ಒಳ್ಳೆಯದು. 65 ದಾಟಿದ್ದರೆ ಎಲ್ಲ ಹೊರಗೆ ತೆಗೆದು ಮತ್ತೆ ಒಣಗಿಸಿ. ಬೇಜಾರಾಗುತ್ತದೆ, ಗೊತ್ತು. ಆದರೂ ಮಾಡಿ. ಬೈನಾಕ್ಯುಲರ್, ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯುವುದು ಇದಕ್ಕಿಂತ ಮೇಲಿನ ತೇವದಲ್ಲೇ.

5. ಸಿಲಿಕಾ ಜೆಲ್

ಇದು ತೇವ ಹೀರಿಕೊಳ್ಳುವ ಕಾಳು, ಹೊಸ ಶೂ ಡಬ್ಬದಲ್ಲಿ ಸಣ್ಣ ಪೊಟ್ಟಣದಲ್ಲಿ ಬರುತ್ತದಲ್ಲ, ಅದೇ. ಡ್ರಮ್ಮಿಗೆ 100 ಗ್ರಾಂ ಸಾಕು. ಒಳಗೆ 50ರ ಹತ್ತಿರ ತೇವಾಂಶ ನಿಲ್ಲಬೇಕೆಂದರೆ ಅಷ್ಟು ಜೆಲ್ ಹೀರುವುದು ಸುಮಾರು 20ರಿಂದ 25 ಗ್ರಾಂ ನೀರು. ಹಿಂದಿನ 90 ಗ್ರಾಂ ನೆನಪಿದೆಯಲ್ವಾ? ಒದ್ದೆ ಟೆಂಟಿಗೆ ಜೆಲ್ ಮದ್ದಲ್ಲ. ಕಿತ್ತಳೆ ಬಣ್ಣದ ಕಾಳು ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ. ಬಣ್ಣ ತಿರುಗಿದ ಮೇಲೆ ಓವನ್‌ನಲ್ಲಿ 110ರಿಂದ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು.

ಬೀರುವಿನಲ್ಲಿ ನೇತು ಹಾಕುವ, ನೀರು ತುಂಬಿಕೊಳ್ಳುವ ಪೊಟ್ಟಣಗಳನ್ನು ಡಬ್ಬಕ್ಕೆ ಹಾಕಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಮಗುಚಿದರೆ ಉಪ್ಪುನೀರು ಜಿಪ್ಪಿಗೂ ಕಂಬಿಗೂ ಹತ್ತಿ ತುಕ್ಕು ಹಿಡಿಯುತ್ತದೆ. ಅಕ್ಕಿ ಗಂಟು ಹಾಕುವವರೂ ಇದ್ದಾರೆ, ಸುಮ್ನೆ ಹುಳ ಕರೆದ ಹಾಗೆ. ನುಸಿಗುಳಿಗೆ ಹುಳಕ್ಕೆ, ತೇವಕ್ಕಲ್ಲ.

6. ಇಡುವ ಜಾಗ

ಸಿಮೆಂಟ್ ನೆಲದ ಮೇಲೆ ಬೇಡ, ಹಲಗೆ ಮೇಲೆ ಇಡಿ. ಶೀಟಿನ ಶೆಡ್ಡಿನಲ್ಲಿ ಬೇಡ, ಮನೆಯ ನಡುಕೋಣೆಯಲ್ಲಿ ಇರಲಿ.

7. ಹೊತ್ತುಕೊಂಡು ಹೋಗುವಾಗ

ಬ್ಯಾಗಿನ ಮೇಲೆ ಹಾಕುವ ರೇನ್‌ಕವರ್ ನಂಬಬೇಡಿ, ಬೆನ್ನ ಮೇಲೆ ಇಳಿದ ನೀರು ಒಳಗೆ ಹೋಗುತ್ತದೆ. ಒಳಗೆ ಬಾಯಿ ಸುರುಳಿ ಸುತ್ತುವ ಡ್ರೈ ಬ್ಯಾಗ್ ಇಡಿ. ಹೊಲಿದದ್ದಲ್ಲ, ಬಿಸಿಯಲ್ಲಿ ಬೆಸೆದದ್ದು ಬೇಕು. ಮುಕ್ಕಾಲು ಮಾತ್ರ ತುಂಬಿ, ಮಂಡಿಯಲ್ಲಿ ಒತ್ತಿ ಗಾಳಿ ತೆಗೆದು, ಅಂಚು ಸುಕ್ಕಿಲ್ಲದ ಹಾಗೆ ಜೋಡಿಸಿ, ಕಡಿಮೆ ಎಂದರೆ ಮೂರು ಸುತ್ತು ಸುತ್ತಿ ಬಕಲ್ ಹಾಕಿ. ಒಂದೇ ಸುತ್ತು ಸುತ್ತಿ ಬಕಲ್ ಹಾಕಿದ ಚೀಲ ಬರೀ ಚೀಲ. ಹೊನ್ನೆಮರಡುವಿನಲ್ಲಿ ಶರಾವತಿ ಹಿನ್ನೀರಿಗೆ ಇಳಿಯುವವರು ಮಾತ್ರ ಸ್ವಲ್ಪ ಗಾಳಿ ಒಳಗೆ ಬಿಡಿ, ಕೈತಪ್ಪಿ ಬಿದ್ದರೂ ತೇಲುತ್ತದೆ. ಕ್ಯಾಮೆರಾ ಇದ್ದರೆ ಎರಡು ಚೀಲ ಒಂದರೊಳಗೊಂದು.

ಮಳೆಗಾಲದ ನಡುವೆ ಏನಾದರೂ ಬೇಕಾಯಿತು ಅಂತ ಡ್ರಮ್ ತೆಗೆಯಲು ಹೆದರಬೇಡಿ. ಒಳಗೆ ಹೋಗುವುದು ಅದೇ ಒಂದೂವರೆ ಗ್ರಾಂ, ಜೆಲ್ ನೋಡಿಕೊಳ್ಳುತ್ತದೆ. ಮಘೆ ಕಳೆದು ಮಳೆ ಹೊಳವಾದ ಮೇಲೆ ಒಂದು ದಿನ ಟೆಂಟನ್ನು ಅಂಗಳದ ನೆರಳಿನಲ್ಲಿ ಕಟ್ಟಿ ಗಾಳಿಗೆ ಬಿಡಿ. ವಾಪಸ್ ಮಡಚುವಾಗ ಹಳೆ ಗೆರೆಯ ಮೇಲೆಯೇ ಮಡಚಬೇಡಿ, ಪ್ರತಿ ಸಲವೂ ಮಡಿಕೆ ಬೇರೆ ಕಡೆ ಬೀಳಲಿ.