ಘಾಟಿ ಹತ್ತುವ ಮೀನಿಗೆ ತೆಳು ತೊಟ್ಟೆ

ಇನ್ನೂರು ಗೇಜಿನ (ಗೇಜ್ ಎಂದರೆ ಹಾಳೆಯ ದಪ್ಪದ ಅಳತೆ) ಪ್ಲಾಸ್ಟಿಕ್ ತೊಟ್ಟೆಯಲ್ಲಿ ಗಪ್ಪಿ ಮೀನು ತುಂಬಿ ಬೆಂಗಳೂರಿಗೆ ಕಳಿಸುತ್ತೇನೆ ಎಂದಾಗ ನಮ್ಮ ಕಡೆ ಬಣ್ಣದ ಮೀನು ಸಾಕುವವರಲ್ಲಿ ಒಬ್ಬರೂ ಒಪ್ಪಲಿಲ್ಲ. ‘ನಾನೂರು ಗೇಜೇ ಶಿರಾಡಿ ಘಾಟಿ ದಾಟುವುದಿಲ್ಲ, ಇದು ಬುಡದ ಗುಂಡ್ಯದಲ್ಲೇ ಒಡೆಯುತ್ತದೆ ಮಾರಾಯರೇ’ ಎಂದು ಈ ಕಸುಬಿನಲ್ಲಿ ನನಗಿಂತ ಹಿರಿಯರೊಬ್ಬರು ಎಲ್ಲರೆದುರೇ ಹೇಳಿದ್ದರು. ಈಗ ಅವರೂ ನನ್ನ ಜೊತೆ ಹಣ ಹಾಕಿ ಅದೇ ತೊಟ್ಟೆಯ ರೋಲ್ ತರಿಸುತ್ತಾರೆ. ಹೋದ ಮಳೆಗಾಲದಿಂದ ಈಚೆಗೆ ಕಾರ್ಕಳದಿಂದ ಹೊರಟ ನನ್ನ ಪೆಟ್ಟಿಗೆಗಳಲ್ಲಿ ಸತ್ತ ಮೀನು ನೂರಕ್ಕೆ ಒಂದೋ ಎರಡೋ. ಅದಕ್ಕೆ ಮೊದಲು ಹತ್ತು ಹನ್ನೆರಡು ಸತ್ತರೂ ಸಾಗಾಟದಲ್ಲಿ ಇದ್ದದ್ದೇ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಆ ಸಾವುಗಳಲ್ಲಿ ಅರ್ಧಕ್ಕರ್ಧ ತೊಟ್ಟೆಯಿಂದಲೇ ಆಗುತ್ತಿದ್ದವು ಎಂದು ಈಗ ಧೈರ್ಯವಾಗಿ ಹೇಳುತ್ತೇನೆ.

ಮೀನನ್ನು ಉಪವಾಸ ಹಾಕುವುದು, ಮೂರರಲ್ಲಿ ಒಂದು ಪಾಲು ನೀರು ಎರಡು ಪಾಲು ಆಮ್ಲಜನಕ ತುಂಬುವುದು, ಥರ್ಮಾಕೋಲ್ ಪೆಟ್ಟಿಗೆ ಕಟ್ಟುವುದು ನಿಮಗೆಲ್ಲ ಗೊತ್ತಿರುವ ಕೆಲಸ. ತೊಟ್ಟೆಯ ವಿಷಯಕ್ಕೇ ಬರುತ್ತೇನೆ.

ಕರಾವಳಿಯಿಂದ ಮೇಲಕ್ಕೆ ಕಳಿಸುವವರಿಗೆ ಇರುವ ತೊಂದರೆ ಬಯಲುಸೀಮೆಯಲ್ಲೇ ಅತ್ತಿಂದಿತ್ತ ಕಳಿಸುವವರಿಗೆ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಬಿಗಿಯಾಗಿ ತುಂಬಿದ ಆಮ್ಲಜನಕ ಅಲ್ಲಿಗೆ ಮುಟ್ಟುವ ಹೊತ್ತಿಗೆ ಹತ್ತರಲ್ಲಿ ಒಂದು ಪಾಲಿನಷ್ಟು ಉಬ್ಬುತ್ತದೆ. ಸಂಜೆಯ ಬಸ್ಸಿಗೆ ಹಾಕಿದ ತೊಟ್ಟೆ ಸಕಲೇಶಪುರ ದಾಟುವಾಗಲೇ ಬಿರಿಯುವಂತೆ ಬಿಗಿದುಕೊಂಡಿರುತ್ತದೆ. ಆಗ ಎಲ್ಲಿ ಬಲ ಕಡಿಮೆಯೋ ಅಲ್ಲಿ, ಅಂದರೆ ತಳದ ಸೀಲಿನಲ್ಲಿ ಅಥವಾ ರಬ್ಬರ್ ಬ್ಯಾಂಡ್ ಕಟ್ಟಿದ ಕುತ್ತಿಗೆಯಲ್ಲಿ, ಗಾಳಿ ಸೋರಲು ಶುರು. ಹಾಳೆಯ ನಡುವೆ ಹರಿದ ತೊಟ್ಟೆಯನ್ನು ನಾನು ನೋಡಿದ್ದು ತೀರ ಅಪರೂಪ. ಹಾಗಿದ್ದ ಮೇಲೆ ಹಾಳೆಯನ್ನು ದಪ್ಪ ಮಾಡುತ್ತಾ ಹೋಗಿ ಏನು ಪ್ರಯೋಜನ ಎಂಬ ಪ್ರಶ್ನೆಯಿಂದಲೇ ನನ್ನ ಹುಡುಕಾಟ ಆರಂಭವಾಯಿತು.

ಮೊದಲು ಪಿಪಿ (ಪಾಲಿಪ್ರೊಪಿಲೀನ್) ತೊಟ್ಟೆ ನೋಡಿದೆ. ಗಾಜಿನಷ್ಟು ತಿಳಿ, ಮೀನು ಚೆನ್ನಾಗಿ ಕಾಣುತ್ತದೆ, ಗಿರಾಕಿಗೆ ಖುಷಿ. ಆದರೆ ಸೀಲಿನ ಅಂಚಿನಲ್ಲಿ ಒಂದು ಸಣ್ಣ ಸೀಳು ಬಿದ್ದರೆ ಸಾಕು, ಮೇಲಿನಿಂದ ಕೆಳಗಿನವರೆಗೆ ಸರ್ರನೆ ಬಿಟ್ಟುಕೊಳ್ಳುತ್ತದೆ. ಹಾಸನಕ್ಕೆ ಹೋದ ಏಂಜೆಲ್ ಮೀನಿನ ಒಂದು ಪೆಟ್ಟಿಗೆ ಹಾಗೆಯೇ ನೀರೆಲ್ಲ ಥರ್ಮಾಕೋಲಿನ ತಳದಲ್ಲಿ ನಿಂತು ಮುಟ್ಟಿತು. ಆಗಿನ ದರದಲ್ಲಿ ಎರಡೂವರೆ ಸಾವಿರದ ಮಾಲು. ಎಚ್‌ಎಂ (ಗಟ್ಟಿ ಬಗೆಯ ಪಾಲಿಥೀನ್) ತೊಟ್ಟೆ ಅಗ್ಗ, ಎಳೆದಾಗ ಗಟ್ಟಿ ಎನಿಸುತ್ತದೆ, ಆದರೆ ಮಡಿಸಿದ ಗೆರೆಯಲ್ಲೇ ಹನಿ ಜಿನುಗುತ್ತದೆ. ಅದನ್ನು ಹೊರತೊಟ್ಟೆಯಾಗಿಯೂ ಬಳಸಬೇಡಿ.

ಉಳಿದದ್ದು ಎಲ್‌ಡಿ. ಅದು ಮೆತ್ತಗಿನ ಪಾಲಿಥೀನ್. ಪೇಟೆಯ ಅಂಗಡಿಯಲ್ಲಿ ಎಲ್‌ಡಿ ಎಂದು ಕೊಡುವುದೆಲ್ಲ ಹೊಸ ದಾಣಾದ್ದಲ್ಲ (ದಾಣಾ ಎಂದರೆ ಹಾಳೆ ಮಾಡುವ ಪ್ಲಾಸ್ಟಿಕ್ ಕಾಳು). ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ ದಾಣಾ ಬೆರೆಸಿರುತ್ತಾರೆ. ನಾನು ನೋಡುವ ಬಗೆ ಇದು: ತೊಟ್ಟೆಯ ಒಂದು ಮೂಲೆಯನ್ನು ಅಂಗೈಯಲ್ಲಿ ಮುದುಡಿ ಒಂದೆರಡು ನಿಮಿಷ ಬಿಸಿಯಾಗಲು ಬಿಟ್ಟು ಮೂಸುತ್ತೇನೆ. ಸೀಮೆಎಣ್ಣೆಯಂಥ ವಾಸನೆ ಬಂದರೆ ಅಲ್ಲೇ ಬಿಟ್ಟುಬರುತ್ತೇನೆ. ಆಮೇಲೆ ಬೆಳಕಿಗೆ ಹಿಡಿಯುತ್ತೇನೆ. ಬೂದು ಛಾಯೆ, ಮರಳಿನಂಥ ಕಣ ಕಂಡರೆ ಬೇಡ. ಕೊನೆಗೆ ಎರಡು ಹೆಬ್ಬೆರಳುಗಳ ನಡುವೆ ನಿಧಾನವಾಗಿ ಎಳೆಯುತ್ತೇನೆ. ಒಳ್ಳೆಯ ಹಾಳೆ ಉದ್ದಕ್ಕೆ ಜಗ್ಗುತ್ತದೆ, ಬೆರಳಿನ ಗುರುತು ಒಳಕ್ಕೆ ಮೂಡುತ್ತದೆ, ಆಮೇಲೆ ತೂತಾಗುತ್ತದೆ. ಬೆರಕೆಯದ್ದು ಜಗ್ಗುವ ಮೊದಲೇ ಪಟ್ಟೆಂದು ಹರಿಯುತ್ತದೆ.

ಗೇಜಿನ ಲೆಕ್ಕ ಅಂಗಡಿಯವನ ಬಾಯಿಂದ ಕೇಳಬೇಡಿ, ತಕ್ಕಡಿಯಿಂದ ಕೇಳಿ. ನೂರು ಗೇಜ್ ಎಂದರೆ 25 ಮೈಕ್ರಾನ್. ಅಗಲ ಇಂಚಿನಲ್ಲಿ, ಉದ್ದ ಇಂಚಿನಲ್ಲಿ, ಗೇಜ್ ಮೂರನ್ನೂ ಗುಣಿಸಿ 3300ರಿಂದ ಭಾಗಿಸಿದರೆ ಒಂದು ತೊಟ್ಟೆಯ ತೂಕ ಗ್ರಾಂ ಲೆಕ್ಕದಲ್ಲಿ ಸುಮಾರಾಗಿ ಸಿಗುತ್ತದೆ. 8ಕ್ಕೆ 16 ಅಳತೆಯ 250 ಗೇಜಿನದ್ದಾದರೆ ಒಂದೊಂದು ಹತ್ತಿರ ಹತ್ತಿರ 10 ಗ್ರಾಂ ತೂಗಬೇಕು, ಕಿಲೋಗೆ ನೂರಕ್ಕೆ ಎರಡು ಮೂರು ಹೆಚ್ಚು ಬರಬೇಕು. ನನಗೆ ಒಮ್ಮೆ ಕಿಲೋಗೆ 130 ಬಂದವು. ಲೆಕ್ಕ ಹಾಕಿದರೆ ಅದು 200 ಗೇಜ್. ಕಿಲೋ ಲೆಕ್ಕದಲ್ಲಿ ಕೊಂಡಾಗ ಹಣಕ್ಕೆ ಮೋಸವಿಲ್ಲ, ಹೇಳಿದ ದಪ್ಪ ಮಾತ್ರ ಇಲ್ಲ. ನೂರರ ಕಟ್ಟು ಲೆಕ್ಕದಲ್ಲಿ ಕೊಂಡರೆ ಎರಡೂ ಹೋಯಿತು. ಆ ಕಟ್ಟಿನಿಂದ ನನಗೆ ಬೇರೊಂದು ಲಾಭವಾಯಿತು: ಗೊತ್ತಿಲ್ಲದೆಯೇ 200 ಗೇಜಿನಲ್ಲಿ ಕಳಿಸಿದ ಮಾಲು ನಾನೂರು ಗೇಜಿನದ್ದಕ್ಕಿಂತ ಚೆನ್ನಾಗಿ ಮುಟ್ಟಿತ್ತು.

ಕಾರಣ ಹುಡುಕಲು ತೊಟ್ಟೆಗಳನ್ನು ಮನೆಯಲ್ಲೇ ಪರೀಕ್ಷೆಗೆ ಹಾಕಿದೆ. ನೀರು, ಗಾಳಿ ತುಂಬಿ ಕಟ್ಟಿ, ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ಮೇಲೊಂದು ಹಲಗೆ, ಅದರ ಮೇಲೆ ಅಮ್ಮನ ರುಬ್ಬುವ ಗುಂಡು. ಬೆಳಿಗ್ಗೆ ಎದ್ದು ಪತ್ರಿಕೆಯ ಒದ್ದೆ ನೋಡಿದರೆ ಸೋರಿದ ಜಾಗ ಗೊತ್ತಾಗುತ್ತದೆ. ನಾನೂರು ಗೇಜಿನ ತೊಟ್ಟೆ ಪ್ರತಿ ಸಲವೂ ಕುತ್ತಿಗೆಯಲ್ಲೇ ಸೋಲುತ್ತಿತ್ತು. ದಪ್ಪ ಹಾಳೆಯನ್ನು ಎಷ್ಟು ತಿರುಚಿದರೂ ಮಡಿಕೆಗಳ ನಡುವೆ ಕೂದಲೆಳೆಯ ಸಂದು ಉಳಿಯುತ್ತದೆ, ರಬ್ಬರ್ ಬ್ಯಾಂಡ್ ಅದನ್ನು ಮುಚ್ಚುವುದಿಲ್ಲ. ತಳದಲ್ಲೂ ಅಷ್ಟೇ, ಕೈಯಲ್ಲಿ ಒತ್ತುವ ಸೀಲಿಂಗ್ ಯಂತ್ರದ ಶಾಖ ದಪ್ಪ ಹಾಳೆಯ ಒಳಮೈಗೆ ಸರಿಯಾಗಿ ಇಳಿಯುವುದಿಲ್ಲ. 200 ಗೇಜಿನದ್ದನ್ನು ತಿರುಚಿದರೆ ಹಗ್ಗದಂತೆ ಒಂದಾಗುತ್ತದೆ. ಅದೇ ತೂಕದ ಪ್ಲಾಸ್ಟಿಕ್‌ನಲ್ಲಿ ಎರಡು ತೆಳು ತೊಟ್ಟೆ ಮಾಡಿ, ಒಳಗಿನದ್ದನ್ನು ಕಟ್ಟಿದ ಮೇಲೆ ತಲೆಕೆಳಗಾಗಿ ಹೊರಗಿನದ್ದಕ್ಕೆ ಇಳಿಸಿದರೆ ತಳದ ಚೂಪು ಮೂಲೆಗಳೂ ಮೇಲಕ್ಕೆ ಹೋಗುತ್ತವೆ. ಗಪ್ಪಿ ಮರಿ ಮೂಲೆಗೆ ಸಿಕ್ಕಿ ನಜ್ಜುಗುಜ್ಜಾಗುವುದು ಅಲ್ಲಿಗೆ ನಿಂತಿತು. ಜೊತೆಗೆ ಆಮ್ಲಜನಕವನ್ನು ಬೆರಳಿಟ್ಟರೆ ಒಂದಿಷ್ಟು ಒಳಕ್ಕೆ ಹೋಗುವಂತೆ ಸಡಿಲವಾಗಿ ಬಿಡುತ್ತೇನೆ. ಘಾಟಿಯೇ ಉಳಿದದ್ದನ್ನು ಬಿಗಿ ಮಾಡುತ್ತದೆ. ಮೇಲಿನಿಂದ ಕರಾವಳಿಗೆ ಕಳಿಸುವವರು ಇದಕ್ಕೆ ಸರಿಯಾಗಿ ವಿರುದ್ಧ, ಬಿಗಿಯಾಗಿಯೇ ತುಂಬಬೇಕು, ಇಳಿಯುವಾಗ ಸೊರಗುತ್ತದೆ.

ಇಷ್ಟಾದ ಮೇಲೂ ಒಂದು ಕಾಟ ಇತ್ತು. ಕೆಲವು ಕಟ್ಟುಗಳಲ್ಲಿ ರಬ್ಬರ್ ಬ್ಯಾಂಡ್ ತಾನಾಗಿ ಜಾರಿ ಮೇಲೆ ಬರುತ್ತಿತ್ತು, ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತಿತ್ತು. ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಸಣ್ಣ ಕಾರ್ಖಾನೆಗೆ ತೊಟ್ಟೆ ಹಿಡಿದುಕೊಂಡೇ ಹೋದೆ. ಅಲ್ಲಿನ ಯಂತ್ರ ನೋಡಿಕೊಳ್ಳುವವರು ಬೆರಳಿನಿಂದ ಸವರಿ, ‘ಇದಕ್ಕೆ ಸ್ಲಿಪ್ ಜಾಸ್ತಿ ಹಾಕಿದ್ದಾರೆ ಅಣ್ಣ’ ಎಂದರು. ತೊಟ್ಟೆಯ ಬಾಯಿ ಸಲೀಸಾಗಿ ಬಿಡಿಸಿಕೊಳ್ಳಲಿ ಎಂದು ದಾಣಾದ ಜೊತೆ ಬೆರೆಸುವ ವಸ್ತು ಅದು. ದಿನ ಕಳೆದಂತೆ ಹಾಳೆಯ ಮೇಲ್ಮೈಗೆ ಬರುತ್ತದೆ. ದಿನಸಿ ಅಂಗಡಿಗೆ ಒಳ್ಳೆಯದು, ನಮಗೆ ಬೇಡ. ಸ್ಲಿಪ್ ಇಲ್ಲದ ತೊಟ್ಟೆಯ ಬಾಯಿ ಬಿಡಿಸಲು ಊದಬೇಕು, ಬೆರಳು ಒದ್ದೆ ಮಾಡಿಕೊಳ್ಳಬೇಕು, ಕೆಲಸ ನಿಧಾನವಾಗುತ್ತದೆ. ಆದರೆ ಬ್ಯಾಂಡ್ ಕಟ್ಟಿದಲ್ಲೇ ನಿಲ್ಲುತ್ತದೆ.

ಆ ಕಾರ್ಖಾನೆಯಲ್ಲೇ ನಮ್ಮದೇ ರೋಲ್ ಹೊಡೆಸಿದೆವು. ಹೊಸ ದಾಣಾ, ಎಲ್‌ಡಿಗೆ ಒಂದಿಷ್ಟು ಎಲ್‌ಎಲ್‌ಡಿ (ಅದೇ ಜಾತಿಯ, ಹೆಚ್ಚು ಜಗ್ಗುವ ಪಾಲಿಥೀನ್) ಬೆರಕೆ, ಸ್ಲಿಪ್ ಇಲ್ಲ, 8 ಇಂಚು ಅಗಲದ ಟ್ಯೂಬ್, ಅಂದರೆ ಕೊಳವೆಯಂಥ ಹಾಳೆ, 200 ಗೇಜ್. ಎಷ್ಟಕ್ಕೆ ಎಷ್ಟು ಬೆರಕೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಐವರು ಹಣ ಹಾಕಿ, ಒಂದು ರೋಲ್ ಪೂರ್ತಿ ಹಾಳು ಮಾಡಿಕೊಂಡು ಕಂಡುಕೊಂಡದ್ದು ಅದು. ಒಂದು ಅಗಲಕ್ಕೆ ಕನಿಷ್ಠ 100 ಕಿಲೋ ತೆಗೆದುಕೊಳ್ಳಬೇಕು ಎಂದರು. ಕಿಲೋಗೆ 185ರ ಆಸುಪಾಸು, ಮೇಲೆ ಶೇ 18 ಜಿಎಸ್‌ಟಿ, ಎಲ್ಲ ಸೇರಿ 220 ರೂಪಾಯಿ ಆಗುತ್ತದೆ. ಅಂಗಡಿಯಲ್ಲಿ ಬೆರಕೆ ಮಾಲಿಗೇ 260 ಕೊಡುತ್ತಿದ್ದೆವು. 8ಕ್ಕೆ 18ರಂತೆ ಕತ್ತರಿಸಿದರೆ ಒಂದು ತೊಟ್ಟೆ 9 ಗ್ರಾಂ ಹತ್ತಿರ, ಎರಡು ಪದರಕ್ಕೆ ನಾಲ್ಕು ರೂಪಾಯಿ ಮೀರುವುದಿಲ್ಲ. ಬಿಲ್ಲಿನಲ್ಲಿ ಎಲ್‌ಡಿ ಪ್ಯಾಕಿಂಗ್ ಟ್ಯೂಬ್ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ದಾರಿಯಲ್ಲಿ ಯಾರಾದರೂ ಕೇಳಿದರೆ ತೋರಿಸಲು ಕಾಗದ ಇರಬೇಕು.

ಟ್ಯೂಬ್ ತಂದರೆ ಪಕ್ಕದಲ್ಲಿ ಸೀಲೇ ಇರುವುದಿಲ್ಲ, ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು. ಸೀಲಿಂಗ್ ಯಂತ್ರ ಕೊಳ್ಳುವಾಗ ಎರಡು ಮಿಲಿಮೀಟರ್ ತಂತಿಯದ್ದು ಬೇಡ, ಐದರದ್ದೇ ಬೇಕೆಂದು ಹಟ ಹಿಡಿಯಿರಿ. ತಳಕ್ಕೆ ಒಂದು ಸೀಲ್, ಅದರಿಂದ ಒಂದು ಬೆರಳು ಮೇಲೆ ಇನ್ನೊಂದು. ಶಾಖದ ಗುಂಡಿಯನ್ನು ಮಳೆಗಾಲಕ್ಕೂ ಬೇಸಿಗೆಗೂ ಬೇರೆ ಬೇರೆ ಇಡಬೇಕಾಗುತ್ತದೆ. ತುಂಡು ಹಾಳೆಯಲ್ಲಿ ನೋಡಿಕೊಂಡೇ ಕೆಲಸ ಶುರು ಮಾಡಿ.

ಎಲ್ಲ ಮೀನಿಗೂ ಇದೇ ತೊಟ್ಟೆ ಎನ್ನುವುದಿಲ್ಲ. ಕೋರಿಡೋರಸ್ ಎಂಬ ಸಣ್ಣ ಕ್ಯಾಟ್‌ಫಿಶ್ ತನ್ನ ಮುಳ್ಳು ನಿಮಿರಿಸಿದರೆ ಯಾವ ಗೇಜೂ ತಡೆಯುವುದಿಲ್ಲ, ನಾನೂರಕ್ಕೂ ತೂತು. ಅದಕ್ಕೆ ಮೂರು ಪದರ ಹಾಕಿ, ಪದರಗಳ ನಡುವೆ ದಿನಪತ್ರಿಕೆ ಸುತ್ತುತ್ತೇನೆ. ಬೆಟ್ಟಾ ಮೀನಿಗೆ ಆಮ್ಲಜನಕವೇ ಬೇಡ, ಬರೀ ಗಾಳಿ ಸಾಕು; 4ಕ್ಕೆ 8ರ ತೊಟ್ಟೆ, ನೀರು ತುಸು ಕಡಿಮೆಯಾದರೂ ಚಿಂತೆಯಿಲ್ಲ, ಒಂದನ್ನೊಂದು ನೋಡದಂತೆ ಕಾಗದ ಸುತ್ತಿದರಾಯಿತು. ಗಾಳಿಯನ್ನು ತಾನೇ ಒಳಗೆ ಬಿಟ್ಟುಕೊಳ್ಳುವ ವಿದೇಶಿ ತೊಟ್ಟೆಯನ್ನೂ ತರಿಸಿ ನೋಡಿದೆ. ಅದರೊಳಗೆ ಗಾಳಿ ಬಿಡದೆ ಪೂರ್ತಿ ನೀರು ತುಂಬಬೇಕು, ಹೊರಗೆ ಇನ್ನೊಂದು ತೊಟ್ಟೆ ಹಾಕುವಂತಿಲ್ಲ, ಒಂದಕ್ಕೊಂದು ಅಂಟಿಕೊಂಡಿರುವಂತಿಲ್ಲ. ಬಸ್ಸಿನ ಡಿಕ್ಕಿಯಲ್ಲಿ ಹೋಗುವ ಮುಚ್ಚಿದ ಪೆಟ್ಟಿಗೆಗೆ ಅದು ಹೊಂದುವುದಿಲ್ಲ, ಬೆಲೆಯೂ ಹತ್ತು ಪಟ್ಟು.

ಟ್ಯೂಬಿನ ಉಳಿದ ತುಂಡುಗಳಿಂದ ಬೇರೊಂದು ಕೆಲಸ ಸಾಧಿಸಿದೆ. ತಳವನ್ನು ಓರೆಯಾಗಿ ಸೀಲ್ ಮಾಡಿ ಮೊಳೆಗೆ ನೇತುಹಾಕಿದರೆ ಕೆಳಗೆ ಚೂಪು ಮೂಲೆ ಸಿಗುತ್ತದೆ. ಉಪ್ಪುನೀರು ತುಂಬಿ ಗಾಳಿಯ ಕೊಳವೆ ಇಳಿಸಿದರೆ ಮೀನುಮರಿಗೆ ತಿನ್ನಿಸುವ ಆರ್ಟೀಮಿಯಾ ಎಂಬ ಸಣ್ಣ ಸೀಗಡಿಯಂಥ ಜೀವಿಯ ಮೊಟ್ಟೆ ಮರಿ ಮಾಡಲು ಒಳ್ಳೆಯ ಸಾಧನ. ನಮ್ಮ ಸೆಕೆಗೆ ಒಂದೇ ದಿನದಲ್ಲಿ ಮರಿಯಾಗುತ್ತವೆ. ಹೊರಗೆ ಕಪ್ಪು ಬಟ್ಟೆ ಸುತ್ತಿ ಕೆಳಗೆ ಮಾತ್ರ ದೀಪ ಹಿಡಿದರೆ ಮರಿಗಳು ಮೂಲೆಗೆ ಬರುತ್ತವೆ, ಖಾಲಿ ಚಿಪ್ಪು ಮೇಲೆ ನಿಲ್ಲುತ್ತದೆ. ಅಂಗಡಿಯ ಗಾಜಿನ ಉಪಕರಣಕ್ಕೆ ಸಾವಿರಾರು ರೂಪಾಯಿ ಕೊಡಬೇಕಾಗಿಲ್ಲ.

ಬೇಸಿಗೆಯಲ್ಲಿ ತುಂಬುವ ನೀರಿಗೆ ನಾನು ಸೇರಿಸುವುದು ಇನ್ನೊಂದಿದೆ. ಉಪ್ಪಲ್ಲ, ಬಾದಾಮಿ ಎಲೆಯಲ್ಲ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಶಿರಾಡಿಯಲ್ಲಿ ಗುಡ್ಡ ಕುಸಿದು ಬಸ್ಸು ಚಾರ್ಮಾಡಿ ಸುತ್ತಿ ಹೋದ ಮಳೆಗಾಲದಲ್ಲಿ ಪೆಟ್ಟಿಗೆಗಳು ಒಂದೂವರೆ ದಿನ ದಾರಿಯಲ್ಲೇ ಇದ್ದವು, ಆಗಲೂ ಗಪ್ಪಿ ಚುರುಕಾಗಿಯೇ ಮುಟ್ಟಿದವು ಎಂದು ಬೆಂಗಳೂರಿನ ಗಿರಾಕಿ ಫೋನ್ ಮಾಡಿದರು.

ಮುಂದಿನ ರೋಲ್ ದೀಪಾವಳಿಗೆ ಮೊದಲು ಹೊಡೆಸುತ್ತೇವೆ. ಈ ಸಲ 8 ಇಂಚಿನ ಜೊತೆಗೆ 5 ಇಂಚಿನದ್ದೂ ಬೇಕಾಗಿದೆ, ಅದಕ್ಕೂ 100 ಕಿಲೋ ಆಗಬೇಕಾದ್ದರಿಂದ ಇನ್ನೂ ಇಬ್ಬರು ಮೂವರು ಸೇರಿದರೆ ಅನುಕೂಲ. ಇಪ್ಪತ್ತು ಕಿಲೋಗಿಂತ ಕಡಿಮೆ ಪಾಲು ಕೊಡುವುದಿಲ್ಲ, ಹಣ ಮುಂಗಡ.